ಲಿನಕ್ಸ್‌ಸಿಎನ್‌ಸಿ ಓಡಿಸಲು ಎಂಥ ಕಂಪ್ಯೂಟರ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಶೆಡ್ಡಿನಲ್ಲಿ ಕೂತು ಹಳೇ ಮಿಲ್ಲಿಂಗ್ ಮಷೀನು, ಲೇತು, ಮರದ ರೂಟರುಗಳಿಗೆ ಹೊಸ ಕಂಟ್ರೋಲ್ ಕೂರಿಸಿಕೊಡುವುದು ನನ್ನ ಕಸುಬು. ಫೋನ್ ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಮೋಟರಿನ ಬಗ್ಗೆ ಕೇಳುವುದಿಲ್ಲ, ಮೋಟರಿಗೆ ವಿದ್ಯುತ್ ಹರಿಸುವ ಡ್ರೈವ್ ಬಗ್ಗೆ ಕೇಳುವುದಿಲ್ಲ. ಮೊದಲ ಮಾತೇ "ಸಾರ್, ಕಂಪ್ಯೂಟರ್ ಯಾವುದು ತಗೊಳ್ಳಲಿ?" ಅಂತ. ಅದೇ ಉತ್ತರವನ್ನು ಎಷ್ಟು ಸಲ ಹೇಳುವುದು? ಇಲ್ಲಿ ಬರೆದಿಟ್ಟಿದ್ದೇನೆ.

ಈ ಲಿನಕ್ಸ್‌ಸಿಎನ್‌ಸಿ ಅಂದರೆ ಏನು? ಪುಕ್ಕಟೆ ಅಂದಮೇಲೆ ನಂಬಬಹುದಾ?

ಕಂಪ್ಯೂಟರಿನಿಂದ ಮಷೀನ್ ನಡೆಸುವ ತಂತ್ರಾಂಶ. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ ಸರ್ಕಾರದ ಅಳತೆ ಮತ್ತು ಮಾನಕಗಳ ಸಂಸ್ಥೆ ನಿಸ್ಟ್‌ನಲ್ಲಿ ಇಎಂಸಿ ಅನ್ನುವ ಹೆಸರಿನಲ್ಲಿ ಶುರುವಾದದ್ದು. ಸರ್ಕಾರಿ ದುಡ್ಡಿನಲ್ಲಿ ಮಾಡಿದ್ದರಿಂದ ಯಾರ ಸೊತ್ತೂ ಅಲ್ಲದೆ ಸಾರ್ವಜನಿಕರ ಕೈಗೆ ಬಂತು. ಆಮೇಲೆ ಸ್ವಯಂಸೇವಕರು ಬೆಳೆಸಿದರು. ಹೆಸರಿನ ಟ್ರೇಡ್‌ಮಾರ್ಕ್ ತಕರಾರು ಬಂದಾಗ, 2011-12ರ ಹೊತ್ತಿಗೆ, ಲಿನಕ್ಸ್‌ಸಿಎನ್‌ಸಿ ಎಂದಾಯಿತು. ಡೆಬಿಯನ್ ಲಿನಕ್ಸ್ ಮೇಲೆ ಓಡುತ್ತದೆ. ಮೂರು ಆ್ಯಕ್ಸಿಸ್ (ಚಲಿಸುವ ದಿಕ್ಕು) ರೂಟರಿನಿಂದ ಹಿಡಿದು ಐದು ಆ್ಯಕ್ಸಿಸ್ ಮಿಲ್, ಲೇತು, ಪ್ಲಾಸ್ಮಾ, ರೋಬೋ ಕೈ, ಎಲ್ಲವನ್ನೂ ನಡೆಸುತ್ತದೆ. ನಂಬಬಹುದು. ಆದರೆ ಕೆಳಗೆ ಓಡುವ ಕಂಪ್ಯೂಟರ್ ಸರಿ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ನಂಬಿಕೆಗೆ ಅರ್ಹವಲ್ಲ.

ಹೊಸ ಐ7 ಕಂಪ್ಯೂಟರ್ ತಗೊಂಡುಬಿಟ್ಟರೆ ತಲೆನೋವೇ ಇಲ್ಲ ಅಲ್ಲವಾ?

ಇಲ್ಲೇ ಜನ ಎಡವುವುದು. ಮಷೀನಿಗೆ ಬೇಕಿರುವುದು ಚುರುಕಾದ ಕಂಪ್ಯೂಟರ್ ಅಲ್ಲ, ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ ಕಂಪ್ಯೂಟರ್. ಯಕ್ಷಗಾನದ ಮದ್ದಳೆಗಾರ ಎಷ್ಟು ಬೇಗ ಬಾರಿಸಬಲ್ಲ ಅನ್ನುವುದು ಆಮೇಲಿನ ಮಾತು. ಪೆಟ್ಟು ತಾಳದ ಮೇಲೆ ಬೀಳದಿದ್ದರೆ ಭಾಗವತರು ತಿರುಗಿ ನೋಡುತ್ತಾರೆ.

ಹಳೇ ಪ್ರಿಂಟರ್ ಚುಚ್ಚುತ್ತಿದ್ದ ಪ್ಯಾರಲಲ್ ಪೋರ್ಟಿನಿಂದ, ಒಂದೊಂದೇ ಹೆಜ್ಜೆಯಾಗಿ (ಸ್ಟೆಪ್) ತಿರುಗುವ ಸ್ಟೆಪ್ಪರ್ ಮೋಟರ್ ಓಡಿಸುವಾಗ, ಪ್ರತಿ 25 ಮೈಕ್ರೊಸೆಕೆಂಡಿಗೊಮ್ಮೆ ಕಂಪ್ಯೂಟರ್ ಎದ್ದು "ಈಗ ಪಿನ್ ಏರಿಸಬೇಕಾ, ಇಳಿಸಬೇಕಾ" ಅಂತ ನೋಡಬೇಕು. ಸೆಕೆಂಡಿಗೆ 40,000 ಸಲ. ಅದರಲ್ಲಿ ಒಂದು ಸಲ 60 ಮೈಕ್ರೊಸೆಕೆಂಡ್ ತಡವಾದರೆ, ಜೋರಾಗಿ ತಿರುಗುತ್ತಿರುವ ಮೋಟರಿಗೆ ತಾಳ ತಪ್ಪುತ್ತದೆ. ಕಿರ್ ಅಂತ ಅರಚಿ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಸದ್ದಿಲ್ಲದೆ ನಾಲ್ಕಾರು ಸ್ಟೆಪ್ ಬಿಟ್ಟುಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಜಾಬ್ ಮುಗಿದ ಮೇಲೆ ವರ್ನಿಯರ್ ಹಿಡಿದಾಗಷ್ಟೇ ಗೊತ್ತಾಗುವುದು.

ಹೀಗೆ ತಡವಾಗುವುದಕ್ಕೆ ಲೇಟೆನ್ಸಿ ಅಂತ ಹೆಸರು. ಹೊಸ ಪ್ರೊಸೆಸರುಗಳಿಗೆ ವಿದ್ಯುತ್ ಉಳಿಸುವ ಚಟ. ಕೆಲಸ ಇಲ್ಲದ ಕ್ಷಣದಲ್ಲಿ ತೂಕಡಿಸುತ್ತವೆ, ವೇಗ ಇಳಿಸುತ್ತವೆ, ಮತ್ತೆ ಏರಿಸುತ್ತವೆ. ಪ್ರತಿ ಸಲ ಎಚ್ಚರವಾಗಲು ಒಂದಿಷ್ಟು ಹೊತ್ತು. ಅದರ ಮೇಲೆ ಎಸ್‌ಎಂಐ ಅನ್ನುವ ಇನ್ನೊಂದು ಕಾಟ ಇದೆ: ಫ್ಯಾನ್, ಉಷ್ಣತೆ, ಯುಎಸ್‌ಬಿ ಕೀಬೋರ್ಡ್ ಇಂಥವನ್ನು ನೋಡಿಕೊಳ್ಳಲು ಮದರ್‌ಬೋರ್ಡಿನೊಳಗೇ ಕೂತಿರುವ ತಂತ್ರಾಂಶ, ಬಯಾಸ್, ಆಗಾಗ ಪ್ರೊಸೆಸರನ್ನು ಲಿನಕ್ಸಿನ ಕೈಯಿಂದ ಕಿತ್ತುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಿನಕ್ಸಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ಇದಕ್ಕೂ ಪ್ರೊಸೆಸರಿನ ಬೆಲೆಗೂ ಸಂಬಂಧವಿಲ್ಲ. ಒಂದು ಕಾಲದಲ್ಲಿ ಇಂಟೆಲ್‌ನ ಡಿ510ಎಂಒ ಅನ್ನುವ ಬಡಪಾಯಿ ಆ್ಯಟಮ್ ಬೋರ್ಡಿಗೆ ಲಿನಕ್ಸ್‌ಸಿಎನ್‌ಸಿ ಮಂದಿ ಮುಗಿಬಿದ್ದದ್ದು ಇದೇ ಕಾರಣಕ್ಕೆ. ಅದರಲ್ಲಿ ಒಂದು ವಿಡಿಯೊ ನೆಟ್ಟಗೆ ಓಡುತ್ತಿರಲಿಲ್ಲ, ಆದರೆ ತಾಳ ತಪ್ಪುತ್ತಿರಲಿಲ್ಲ.

ಹಾಗಾದರೆ ಯಾವ ಮಾಡೆಲ್ ಅಂತ ಹೇಳಿಬಿಡಿ, ಅದನ್ನೇ ತರುತ್ತೇನೆ.

ಹೇಳಲಾರೆ. ಒಂದೇ ಮಾಡೆಲ್ ನಂಬರಿನ ಎರಡು ಕಂಪ್ಯೂಟರುಗಳಲ್ಲಿ ಬಯಾಸ್ ಆವೃತ್ತಿ ಬೇರೆಯಾದರೆ ಫಲಿತಾಂಶವೂ ಬೇರೆ. ಅಳೆದು ತರಬೇಕು, ಬೇರೆ ದಾರಿ ಇಲ್ಲ.

ನಾನು ಮಾಡುವುದು ಹೀಗೆ. ಲಿನಕ್ಸ್‌ಸಿಎನ್‌ಸಿ ಡಿಸ್ಕ್ ಇಮೇಜನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಎಸ್‌ಪಿ ರೋಡಿಗೆ ಹೋಗುತ್ತೇನೆ. ಆಫೀಸುಗಳಿಂದ ಬಂದ ಡೆಲ್, ಎಚ್‌ಪಿ, ಲೆನೊವೊ ಡಬ್ಬಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿಟ್ಟಿರುವ ಅಂಗಡಿಗಳಿವೆಯಲ್ಲ, ಅಲ್ಲಿಗೆ. ಅಂಗಡಿಯವರು ಮೊದಮೊದಲು "ಏನ್ ಸಾರ್, ವೈರಸ್ ಹಾಕ್ತೀರಾ?" ಅಂತ ಅನುಮಾನಪಡುತ್ತಿದ್ದರು, ಈಗ ಅವರೇ ಸ್ಟೂಲ್ ಎಳೆದುಕೊಡುತ್ತಾರೆ. ಪೆನ್‌ಡ್ರೈವಿನಿಂದ ಲೈವ್ ಆಗಿ ಬೂಟ್ ಮಾಡಿದರೆ ಹಾರ್ಡ್‌ಡಿಸ್ಕಿನಲ್ಲಿರುವುದು ಏನೂ ಹಾಳಾಗುವುದಿಲ್ಲ. ಮೆನುವಿನಲ್ಲಿ ಲೇಟೆನ್ಸಿ ಟೆಸ್ಟ್, ಲೇಟೆನ್ಸಿ ಹಿಸ್ಟೋಗ್ರಾಮ್ ಅಂತ ಎರಡು ಇರುತ್ತವೆ. ಮೊದಲನೆಯದನ್ನು ತೆರೆಯಿರಿ.

ತೆರೆದು ಸುಮ್ಮನೆ ಕೂತರೆ ಎಲ್ಲ ಕಂಪ್ಯೂಟರೂ ಒಳ್ಳೆಯದೇ. ಕಾಡಿಸಬೇಕು. ಹಲ್ಲಿನ ಚಕ್ರಗಳು ತಿರುಗುವ ಆ ಜಿಎಲ್‌ಎಕ್ಸ್‌ಗೇರ್ಸ್ ಕಿಟಕಿಯನ್ನು ನಾಲ್ಕೈದು ತೆರೆಯಿರಿ, ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ, ಬ್ರೌಸರಿನಲ್ಲಿ ವಿಡಿಯೊ ಓಡಿಸಿ, ಕಿಟಕಿಗಳನ್ನು ಮೌಸಿನಿಂದ ಹಿಡಿದು ಆಚೀಚೆ ಎಳೆದಾಡಿ. ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿ. ಈ ಹೊತ್ತಿನಲ್ಲಿ "ಮ್ಯಾಕ್ಸ್ ಜಿಟ್ಟರ್" ಅನ್ನುವ ಅಂಕಣ, ಅಂದರೆ ಹೊತ್ತು ಅತಿ ಹೆಚ್ಚು ಎಷ್ಟು ಆಚೀಚೆ ಆಯಿತು ಅನ್ನುವುದನ್ನು, ನೋಡುತ್ತಿರಬೇಕು. ಸರಾಸರಿಯನ್ನು ನೋಡಬೇಡಿ, ಅದು ಸುಳ್ಳು ಸಮಾಧಾನ. ಅತಿ ಕೆಟ್ಟ ಒಂದು ಸಂಖ್ಯೆಯೇ ನಿಮ್ಮ ಸಂಖ್ಯೆ.

ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಸಾಕು. ಮನೆಗೆ ತಂದ ಮೇಲೆ ಒಂದಿಡೀ ರಾತ್ರಿ ಬಿಡಿ. ಒಮ್ಮೆ ನಾನು ತಂದ ಡಬ್ಬವೊಂದು ಅಂಗಡಿಯಲ್ಲಿ 12 ಮೈಕ್ರೊಸೆಕೆಂಡ್ ತೋರಿಸಿತು, ಬಂಗಾರ ಸಿಕ್ಕಿತು ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ 340. ಹಿಸ್ಟೋಗ್ರಾಮಿನಲ್ಲಿ ಎಲ್ಲ ಗೀಟುಗಳೂ ನಡುವೆ ಗುಡ್ಡದಂತೆ ಗುಂಪಾಗಿ ನಿಂತಿವೆ, ಬಲತುದಿಯಲ್ಲಿ ಮಾತ್ರ ಒಂಟಿ ಗೀಟು. ರಾತ್ರಿಯೆಲ್ಲ ಒಂದೋ ಎರಡೋ ಸಲ ಏನೋ ನಡೆದಿದೆ. ಆ ಒಂಟಿ ಗೀಟು ನಡುರಾತ್ರಿಯ ಬದಲು ನಡುಜಾಬಿನಲ್ಲಿ ಬಂದಿದ್ದರೆ ಕಟ್ಟರ್ ಹೋಗುತ್ತಿತ್ತು. ಆ ಡಬ್ಬ ಈಗ ಮಗಳ ಟೈಪಿಂಗ್ ಅಭ್ಯಾಸಕ್ಕಿದೆ.

ಎಷ್ಟು ಬಂದರೆ ಪಾಸು?

ಪ್ಯಾರಲಲ್ ಪೋರ್ಟಿನಿಂದ ಸ್ಟೆಪ್ ಕೊಡುವುದಾದರೆ 15ರಿಂದ 20 ಮೈಕ್ರೊಸೆಕೆಂಡ್ ಒಳಗಿದ್ದರೆ ತುಂಬಾ ಚೆನ್ನ. 30ರಿಂದ 50 ಇದ್ದರೆ ನಡೆಯುತ್ತದೆ, ವೇಗ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. 100 ದಾಟಿದರೆ ಆ ಕೆಲಸಕ್ಕೆ ಬೇಡ. ಪರದೆಯಲ್ಲಿ ನ್ಯಾನೊಸೆಕೆಂಡಿನಲ್ಲಿ ಬರುತ್ತದೆ, 15000 ಅಂತ ಕಂಡು ಗಾಬರಿಯಾಗಬೇಡಿ, ಅದು 15 ಮೈಕ್ರೊಸೆಕೆಂಡೇ.

ಸ್ಟೆಪ್ ಕೊಡುವ ಕೆಲಸವನ್ನು ತಾನೇ ಮಾಡುವ, ಮೇಸಾ ಕಂಪನಿಯದರಂಥ ಹೊರಗಿನ ಕಾರ್ಡ್ ಹಾಕುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಕಂಪ್ಯೂಟರ್ ಏಳಬೇಕಾದದ್ದು ಮಿಲಿಸೆಕೆಂಡಿಗೊಮ್ಮೆ ಮಾತ್ರ, ಅಂದರೆ 1000 ಮೈಕ್ರೊಸೆಕೆಂಡಿಗೆ. ಅದರಲ್ಲಿ 100 ಆಚೀಚೆ ಆದರೂ ಮಷೀನಿಗೆ ಗೊತ್ತಾಗುವುದಿಲ್ಲ. 1000ವನ್ನೇ ದಾಟಿದರೆ ಮಾತ್ರ ಯಾವುದಕ್ಕೂ ಆಗದು.

ನನ್ನ ಮಷೀನಿಗೆ ಪ್ಯಾರಲಲ್ ಪೋರ್ಟ್ ಸಾಕಾಗುತ್ತದಾ? ಲೆಕ್ಕ ಹಾಕುವುದು ಹೇಗೆ?

ಒಂದು ಹಾಳೆ ತಗೊಳ್ಳಿ. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಸ್ಟೆಪ್. ಡ್ರೈವಿನಲ್ಲಿ ಮೈಕ್ರೊಸ್ಟೆಪ್ (ಒಂದು ಸ್ಟೆಪ್ಪನ್ನು ಎಷ್ಟು ತುಣುಕು ಮಾಡಬೇಕು ಅನ್ನುವುದು) 8ಕ್ಕೆ ಇಟ್ಟಿದ್ದರೆ ಸುತ್ತಿಗೆ 1600. ಬಾಲ್‌ಸ್ಕ್ರೂ ಪಿಚ್ 5 ಮಿಮೀ ಆದರೆ ಮಿಲಿಮೀಟರಿಗೆ 320 ಸ್ಟೆಪ್.

25 ಮೈಕ್ರೊಸೆಕೆಂಡ್ ಸರದಿಯಲ್ಲಿ ಒಮ್ಮೆ ಪಿನ್ ಏರಿಸಿ, ಮುಂದಿನ ಸರದಿಯಲ್ಲಿ ಇಳಿಸಿದರೆ ಒಂದು ಸ್ಟೆಪ್. ಎಂದರೆ ಸೆಕೆಂಡಿಗೆ 20,000. ಅದನ್ನು 320ರಿಂದ ಭಾಗಿಸಿದರೆ ಸೆಕೆಂಡಿಗೆ 62.5 ಮಿಮೀ, ನಿಮಿಷಕ್ಕೆ 3750 ಮಿಮೀ. ಸಣ್ಣ ಮಿಲ್ಲಿಗೆ ಧಾರಾಳ. ಪಿನ್ನನ್ನು ಅದೇ ಸರದಿಯಲ್ಲೇ ಇಳಿಸುವ ರೀಸೆಟ್ ಸೌಲಭ್ಯ ಬಳಸಿದರೆ ಇದರ ಎರಡರಷ್ಟು.

ಆದರೆ ಕಂಪ್ಯೂಟರಿನ ಲೇಟೆನ್ಸಿ ಕೆಟ್ಟದಾಗಿ ಸರದಿಯನ್ನು 50 ಮೈಕ್ರೊಸೆಕೆಂಡಿಗೆ ಏರಿಸಬೇಕಾಗಿ ಬಂದರೆ 3750 ಇದ್ದದ್ದು 1875 ಆಗುತ್ತದೆ. ಇನ್ನು ಕೆಲವರು "ಸ್ಮೂತ್ ಬರಲಿ" ಅಂತ ಮೈಕ್ರೊಸ್ಟೆಪ್ಪನ್ನು 32ಕ್ಕೆ ಏರಿಸುತ್ತಾರೆ. ಆಗ ಮಿಲಿಮೀಟರಿಗೆ 1280 ಸ್ಟೆಪ್, 25 ಮೈಕ್ರೊಸೆಕೆಂಡ್ ಸರದಿ ಇದ್ದರೂ ನಿಮಿಷಕ್ಕೆ 937 ಮಿಮೀ ಅಷ್ಟೇ. ಎಂಟಡಿ ನಾಲ್ಕಡಿ ಟೇಬಲ್ಲಿನ ರೂಟರ್ ಆ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಟೀ ಕುಡಿದು ಬರಬಹುದು.

ಲೇತಿನಲ್ಲಿ ಥ್ರೆಡ್ ಹಾಕುವವರು ಇನ್ನೊಂದು ನೋಡಬೇಕು. ಸ್ಪಿಂಡಲ್ ಎಷ್ಟು ತಿರುಗಿತು ಅಂತ ಹೇಳುವ ಎನ್‌ಕೋಡರ್ 100 ಗೀಟಿನದಾದರೆ, ಗೀಟಿಗೆ ನಾಲ್ಕರಂತೆ ಸುತ್ತಿಗೆ 400 ಎಣಿಕೆ, 1000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಆರು ಸಾವಿರ ಚಿಲ್ಲರೆ. ಪ್ಯಾರಲಲ್ ಪೋರ್ಟ್ ಎಣಿಸುತ್ತದೆ. 1024 ಗೀಟಿನದಾದರೆ ಸೆಕೆಂಡಿಗೆ 68,000 ಮೀರುತ್ತದೆ, 40,000 ಸಲ ನೋಡುವವನು 68,000 ಎಣಿಸಲು ಸಾಧ್ಯವಿಲ್ಲ. ದುಬಾರಿ ಎನ್‌ಕೋಡರ್ ಹಾಕಿ ಥ್ರೆಡ್ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಹೊಸ ಕಂಪ್ಯೂಟರಿನಲ್ಲಿ ಪ್ಯಾರಲಲ್ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಬಹುದಾ?

ಆಗಲ್ಲ. ಆ ಕೇಬಲ್ ಪ್ರಿಂಟರಿಗೆ ಮಾಡಿದ್ದು. ಯುಎಸ್‌ಬಿಯಲ್ಲಿ ಮಾಹಿತಿ ಪೊಟ್ಟಣ ಕಟ್ಟಿಕೊಂಡು ತನ್ನ ಪುರುಸೊತ್ತಿನಲ್ಲಿ ಹೋಗುತ್ತದೆ, ಪಿನ್ನುಗಳನ್ನು ನೇರ ಮುಟ್ಟಲು ಬಿಡುವುದಿಲ್ಲ.

ಮೊದಲು ಮದರ್‌ಬೋರ್ಡ್ ಬಿಚ್ಚಿ ನೋಡಿ. ಹಿಂದೆ ಪೋರ್ಟ್ ಇಲ್ಲದಿದ್ದರೂ ಕೆಲವು ಬೋರ್ಡುಗಳ ಅಂಚಿನಲ್ಲಿ ಎಲ್‌ಪಿಟಿ ಅಂತ ಬರೆದ ಪಿನ್ ಸಾಲು ಇರುತ್ತದೆ, ಒಂದು ರಿಬ್ಬನ್ ಕೇಬಲ್ ಹಾಕಿದರೆ ಪೋರ್ಟ್ ಸಿದ್ಧ. ಅದೂ ಇಲ್ಲದಿದ್ದರೆ ಪಿಸಿಐ ಅಥವಾ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್ ಹಾಕಿ, ಅದು ಕೆಲಸ ಮಾಡುತ್ತದೆ. ಕಾರ್ಡಿನ ವಿಳಾಸ ಮಾತ್ರ ಬೋರ್ಡಿನ ಪೋರ್ಟಿನ ಹಾಗೆ 0x378 ಇರುವುದಿಲ್ಲ. ಟರ್ಮಿನಲ್ಲಿನಲ್ಲಿ ಪಿಸಿಐ ಕಾರ್ಡುಗಳ ಪಟ್ಟಿ ತೆಗೆದು, ಸಿಕ್ಕ ವಿಳಾಸವನ್ನು ಸಂರಚನೆಯಲ್ಲಿ ಬರೆಯಬೇಕು. "ಕಾರ್ಡ್ ಸತ್ತಿದೆ" ಅಂತ ನನ್ನ ಬಳಿಗೆ ಬಂದ ಎಷ್ಟೋ ಕಾರ್ಡುಗಳು ಬರೀ ವಿಳಾಸ ತಪ್ಪಿದವು.

ಪ್ಯಾರಲಲ್ ಪೋರ್ಟೋ, ಮೇಸಾ ಕಾರ್ಡೋ?

ಕಲಿಯಲಿಕ್ಕೆ, ಮೂರು ಆ್ಯಕ್ಸಿಸಿನ ಸಣ್ಣ ಮಷೀನಿಗೆ ಪ್ಯಾರಲಲ್ ಪೋರ್ಟ್. ಅನ್ನ ಹುಟ್ಟಿಸುವ ಮಷೀನಿಗೆ ಮೇಸಾ. ನನ್ನ ಅಭಿಪ್ರಾಯ ಇಷ್ಟು ಖಡಾಖಂಡಿತ.

ಪ್ಯಾರಲಲ್ ಪೋರ್ಟಿನಲ್ಲಿ 12 ಔಟ್‌ಪುಟ್, 5 ಇನ್‌ಪುಟ್ ಮಾತ್ರ. ಮೂರು ಆ್ಯಕ್ಸಿಸಿನ ಹೋಮ್ ಸ್ವಿಚ್ಚು, ಎಮರ್ಜೆನ್ಸಿ, ಟೂಲ್ ಪ್ರೋಬ್ ಅನ್ನುವಷ್ಟರಲ್ಲಿ ಐದೂ ಮುಗಿಯಿತು. ಕೂಲೆಂಟ್ ಮಟ್ಟದ ಸ್ವಿಚ್ ಎಲ್ಲಿ ಹಾಕುತ್ತೀರಿ? ಮೇಸಾದಲ್ಲಿ ಸ್ಟೆಪ್ ಎಣಿಸುವ, ಎನ್‌ಕೋಡರ್ ಓದುವ ಕೆಲಸವನ್ನು ಕಾರ್ಡಿನ ಎಫ್‌ಪಿಜಿಎ ಚಿಪ್ ತಾನೇ ಮಾಡುತ್ತದೆ. ಕಂಪ್ಯೂಟರ್ ಮಿಲಿಸೆಕೆಂಡಿಗೊಮ್ಮೆ "ಇಷ್ಟು ವೇಗದಲ್ಲಿ ಹೋಗು" ಅಂದರೆ ಸಾಕು. ಹಾಗಾಗಿ ಸಾಧಾರಣ ಕಂಪ್ಯೂಟರೂ ನಡೆಯುತ್ತದೆ. ಲೇಟೆನ್ಸಿ ಸರಿಹೋಗುವ ಡಬ್ಬ ಹುಡುಕಿಕೊಂಡು ನಾಲ್ಕು ವಾರ ಅಲೆಯುವ ಬದಲು ಆ ದುಡ್ಡನ್ನು ಕಾರ್ಡಿಗೆ ಹಾಕಿ. ಅಮೆರಿಕದಿಂದ ಬರಬೇಕು, ಸಾಗಣೆ, ಕಸ್ಟಮ್ಸ್ ಸೇರಿ ಚುರುಕ್ ಅನ್ನಿಸುತ್ತದೆ, ನಿಜ.

ಯಾವ ಕಾರ್ಡ್ ಅಂದರೆ: ಸ್ಟೆಪ್ಪರ್ ಇಲ್ಲವೇ ಸ್ಟೆಪ್-ಡೈರೆಕ್ಷನ್ ಸಂಕೇತ ತೆಗೆದುಕೊಳ್ಳುವ ಸರ್ವೊ (ತಾನು ಎಲ್ಲಿದ್ದೇನೆ ಅಂತ ಅಳೆದುಕೊಂಡು ತಿರುಗುವ ಮೋಟರ್) ಇದ್ದರೆ 7ಐ96ಎಸ್, ಇನ್‌ಪುಟ್ ಔಟ್‌ಪುಟ್ ಹೆಚ್ಚು ಬೇಕಾದರೆ 7ಐ76ಇ. ಎರಡೂ ಈಥರ್ನೆಟ್ ಕೇಬಲ್ಲಿನಲ್ಲಿ ಕೂರುತ್ತವೆ, ಎರಡೂ ಐದು ಆ್ಯಕ್ಸಿಸಿಗೆ ಸಾಕು. ಹಳೇ ಮಷೀನುಗಳಲ್ಲಿ ಬರುವ ಪ್ಲಸ್ ಮೈನಸ್ 10 ವೋಲ್ಟಿನ ಅನಲಾಗ್ ಸರ್ವೊ ಡ್ರೈವ್ ಉಳಿಸಿಕೊಳ್ಳುವುದಾದರೆ 7ಐ77.

ಅಂದಹಾಗೆ, ಲಿನಕ್ಸಿನಲ್ಲಿ ಗ್ರಾಫಿಕ್ಸಿಗೂ ಮೇಸಾ ಅನ್ನುವ ತಂತ್ರಾಂಶ ಇದೆ. ಹೆಸರೊಂದೇ, ಸಂಬಂಧ ಇಲ್ಲ. "ಸಾರ್, ಮೇಸಾ ಇನ್‌ಸ್ಟಾಲ್ ಆಗಿದೆ ಅಂತ ತೋರಿಸ್ತಿದೆ, ಕಾರ್ಡ್ ಬೇಡ ಅಲ್ವಾ?" ಅಂದವರೂ ಇದ್ದಾರೆ.

ಈಥರ್ನೆಟ್ ಕಾರ್ಡ್ ಅಂದಿರಿ. ಯಾವ ಲ್ಯಾನ್ ಪೋರ್ಟ್ ಆದರೂ ಆಗುತ್ತದಾ?

ಬೋರ್ಡಿನ ಮೇಲಿರುವ ಅಥವಾ ಸ್ಲಾಟಿಗೆ ಹಾಕಿದ ಪೋರ್ಟ್ ಆಗಬೇಕು. ಯುಎಸ್‌ಬಿ ಲ್ಯಾನ್ ಬೇಡ, ವೈಫೈ ಬೇಡ. ಮೇಸಾಗೆ ಒಂದು ಪೋರ್ಟನ್ನು ಪೂರ್ತಿ ಬಿಟ್ಟುಕೊಡಿ, ನಡುವೆ ಸ್ವಿಚ್ ಹಾಕಬೇಡಿ. ಇಂಟರ್ನೆಟ್ಟಿಗೆ ಇನ್ನೊಂದು ಪೋರ್ಟ್ ಇರಲಿ, ಅದಕ್ಕೇ ನಾನು ಎರಡು ಲ್ಯಾನ್ ಇರುವ ಬೋರ್ಡ್ ಹುಡುಕುತ್ತೇನೆ.

ಇಂಟೆಲ್ ಚಿಪ್ಪಿನ ಲ್ಯಾನ್ ಇದ್ದರೆ ಸಾಮಾನ್ಯವಾಗಿ ತಕರಾರು ಕಡಿಮೆ. ಆದರೆ ಅದು ಪೊಟ್ಟಣಗಳನ್ನು ಒಂದಿಷ್ಟು ಹೊತ್ತು ಕೂಡಿಹಾಕಿಕೊಂಡು ಒಟ್ಟಿಗೆ ಕೊಡುವ ಅಭ್ಯಾಸ ಇಟ್ಟುಕೊಂಡಿರುತ್ತದೆ. ಈಥ್‌ಟೂಲ್ ಆಜ್ಞೆಯಿಂದ ಆ ಕಾಯುವ ಸಮಯವನ್ನು ಸೊನ್ನೆ ಮಾಡಬೇಕು. ರಿಯಲ್‌ಟೆಕ್ ಚಿಪ್ ಆದರೆ ಕೆಲವೊಮ್ಮೆ "ಎರರ್ ಫಿನಿಶಿಂಗ್ ರೀಡ್" ಅಂತ ಬಂದು ಮಷೀನ್ ನಿಲ್ಲುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಜೊತೆ ಬರುವ ಡ್ರೈವರಿನ ಬದಲು ಆರ್8168 ಡ್ರೈವರ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪರೀಕ್ಷೆ ಸುಲಭ. ಕಾರ್ಡಿಗೆ ಮಿಲಿಸೆಕೆಂಡಿಗೊಂದರಂತೆ ಅರವತ್ತು ಸಾವಿರ ಪಿಂಗ್ (ಹೋಗಿ ಬರುವ ಪರೀಕ್ಷೆಯ ಪೊಟ್ಟಣ) ಕಳಿಸಿ, ಕೊನೆಯಲ್ಲಿ ಬರುವ ಅತಿ ಹೆಚ್ಚಿನ ಸಮಯ ನೋಡಿ. ಒಂದು ಮಿಲಿಸೆಕೆಂಡಿನ ಹತ್ತಿರ ಹೋಗುತ್ತಿದ್ದರೆ ಮುಂದೆ ತೊಂದರೆ ಗ್ಯಾರಂಟಿ.

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಬಿದ್ದಿದೆ.

ಬಿದ್ದಿರಲಿ. ಬ್ಯಾಟರಿ ಉಳಿಸುವುದೇ ಅದರ ಜಾತಕ, ಬಯಾಸಿನಲ್ಲಿ ಅದನ್ನು ನಿಲ್ಲಿಸಲೂ ಬಿಡುವುದಿಲ್ಲ. ವರ್ಚುವಲ್ ಮಷೀನಿಗೂ ಇದೇ ಉತ್ತರ. ಮಷೀನಿಗೆ ಆಜ್ಞೆ ಬರೆಯುವ ಜಿ-ಕೋಡ್ ಕಲಿಯಲು, ಸಿಮ್ಯುಲೇಷನ್ ನೋಡಲು ಎರಡೂ ಆಗುತ್ತವೆ, ಮೋಟರ್ ತಿರುಗಿಸಲು ಅಲ್ಲ.

ರಾಸ್‌ಬೆರಿ ಪೈ?

ಅಂಗೈಯಗಲದ ಈ ಕಂಪ್ಯೂಟರಿನ ಪೈ 4 ಮತ್ತು ಪೈ 5ಕ್ಕೆ ಲಿನಕ್ಸ್‌ಸಿಎನ್‌ಸಿಯವರೇ ಸಿದ್ಧ ಇಮೇಜ್ ಕೊಡುತ್ತಾರೆ. ಮೇಸಾ ಈಥರ್ನೆಟ್ ಕಾರ್ಡ್ ಜೊತೆಗೆ, ಅಥವಾ ಪೈಯ 40 ಪಿನ್ನಿಗೇ ಕೂರುವ 7ಸಿ80, 7ಸಿ81 ಕಾರ್ಡ್ ಜೊತೆಗೆ ಚೆನ್ನಾಗಿ ಓಡುತ್ತದೆ. ಪೈಯ ಪಿನ್ನಿನಿಂದ ನೇರವಾಗಿ ಸ್ಟೆಪ್ ಕೊಡುವ ಆಸೆ ಇಟ್ಟುಕೊಳ್ಳಬೇಡಿ.

ನನ್ನ ತಕರಾರು ಬೇರೆ ಎರಡು. ಒಂದು, ವಿದ್ಯುತ್. ಪೈ 5ಕ್ಕೆ 5 ವೋಲ್ಟಿನಲ್ಲಿ 5 ಆ್ಯಂಪ್ ಬೇಕು, ಫೋನ್ ಚಾರ್ಜರ್ ಹಾಕಿ "ಹ್ಯಾಂಗ್ ಆಗ್ತಿದೆ" ಅನ್ನಬೇಡಿ. ಎರಡು, ಎಸ್‌ಡಿ ಕಾರ್ಡ್. ಕರೆಂಟ್ ಹೋಗಿಬಂದು ಮಾಡುವ ಶೆಡ್ಡಿನಲ್ಲಿ ಅದು ಯಾವಾಗ ಕೈಕೊಡುತ್ತದೋ ಹೇಳಲಾಗದು, ಎಸ್‌ಎಸ್‌ಡಿಯಿಂದ ಬೂಟ್ ಮಾಡಿ. ಇವೆಲ್ಲ ಸೇರಿಸಿದರೆ ಬೆಲೆ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪಿಗಿಂತ ಕಡಿಮೆಯೇನಲ್ಲ. ಜಾಗ ಇಲ್ಲದ ಸಣ್ಣ ಪ್ಯಾನೆಲ್ಲಿಗೆ ಮಾತ್ರ ನಾನು ಪೈ ಹಾಕುವುದು.

ಆರ್ಡುಯಿನೊ ಮೇಲೆ ಜಿಆರ್‌ಬಿಎಲ್ ಹಾಕಿದರೆ ಇಷ್ಟೆಲ್ಲ ರಗಳೆಯೇ ಇಲ್ಲವಂತೆ?

ಸಣ್ಣ ಕೆತ್ತನೆ ಮಷೀನಿಗೆ, ಲೇಸರಿಗೆ ಅದೇ ಸರಿ, ಲಿನಕ್ಸ್‌ಸಿಎನ್‌ಸಿ ಬೇಡ. ಅದೂ ತೆರೆದ ತಂತ್ರಾಂಶವೇ. ಅಲ್ಲಿ ತಾಳ ಹಾಕುವುದು ಆರ್ಡುಯಿನೊ ಅನ್ನುವ ಪುಟ್ಟ ಬೋರ್ಡಿನ ಚಿಪ್ಪೇ ಆದ್ದರಿಂದ ಯಾವ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಥ್ರೆಡ್ ಹಾಕಬೇಕು, ಟೂಲ್ ಚೇಂಜರ್ ಬೇಕು, ಸರ್ವೊ ಎಲ್ಲಿದೆ ಅಂತ ಕಂಟ್ರೋಲೇ ಓದಿ ತಿದ್ದುತ್ತಿರಬೇಕು ಅನ್ನುವಾಗ ಇಲ್ಲಿಗೆ ಬನ್ನಿ.

ರ‍್ಯಾಮ್ ಎಷ್ಟು? ಎಸ್‌ಎಸ್‌ಡಿ ಬೇಕಾ?

4 ಜಿಬಿ ಸಾಕು, 8 ಇದ್ದರೆ ಚಿಂತೆ ಇಲ್ಲ. 120 ಜಿಬಿಯ ಸಾಧಾರಣ ಎಸ್‌ಎಸ್‌ಡಿ ಹಾಕಿ. ಹಾರ್ಡ್‌ಡಿಸ್ಕ್ ಲೇಟೆನ್ಸಿ ಕೆಡಿಸುತ್ತದೆ ಅಂತಲ್ಲ, ಮಷೀನಿನ ಅದುರುವಿಕೆಗೆ ಬಾಳುವುದಿಲ್ಲ ಅಂತ.

ಮರದ ಬಾಗಿಲು, ದೇವರ ಮಂಟಪದ ಕೆತ್ತನೆ ಮಾಡುವವರಿಗೆ ಮಾತ್ರ ಒಂದು ಮಾತು. ಆ ರಿಲೀಫ್ ಫೈಲುಗಳಲ್ಲಿ ಲಕ್ಷಗಟ್ಟಲೆ ಸಾಲು ಇರುತ್ತದೆ. ಲಿನಕ್ಸ್‌ಸಿಎನ್‌ಸಿಯ ಆ್ಯಕ್ಸಿಸ್ ಅನ್ನುವ ಹೆಸರಿನ ಪರದೆ ಅಷ್ಟನ್ನೂ ಚಿತ್ರ ಬಿಡಿಸಿ ತೋರಿಸಲು ಹೊರಟು ನಿಮಿಷಗಟ್ಟಲೆ ಕೂರಿಸುತ್ತದೆ. ಇಲ್ಲಿ ರ‍್ಯಾಮೂ ವೇಗದ ಪ್ರೊಸೆಸರೂ ಉಪಯೋಗಕ್ಕೆ ಬರುತ್ತವೆ. ಫೈಲಿನೊಳಗೆ ಆ್ಯಕ್ಸಿಸ್‌ಗೆಂದೇ ಇರುವ ಕಾಮೆಂಟ್ ಬರೆದು ಚಿತ್ರ ಬಿಡಿಸುವುದನ್ನು ನಿಲ್ಲಿಸಲೂಬಹುದು. ಗಣೇಶನ ಸೊಂಡಿಲು ಹೇಗಿದೆ ಅಂತ ನಿಮಗೆ ಗೊತ್ತೇ ಇದೆಯಲ್ಲ.

ಗ್ರಾಫಿಕ್ಸ್ ಕಾರ್ಡ್?

ಬೋರ್ಡಿನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಮೊದಲು ಪರೀಕ್ಷಿಸಿ. ಸಂಖ್ಯೆ ಕೆಟ್ಟದಾಗಿದ್ದರೆ ಹಳೇ ಬಿಡಿ ಕಾರ್ಡೊಂದನ್ನು ಹಾಕಿ ನೋಡಿ, ಕೆಲವೊಮ್ಮೆ ಅಷ್ಟರಿಂದಲೇ ಅರ್ಧಕ್ಕೆ ಇಳಿಯುತ್ತದೆ. ಎನ್‌ವಿಡಿಯಾ ಕಾರ್ಡಿಗೆ ಕಂಪನಿಯ ಮುಚ್ಚಿದ ಡ್ರೈವರ್ ಹಾಕಲು ಹೋಗಬೇಡಿ. ಗೇಮ್ ಆಡುವ ಕಾರ್ಡ್ ಇಲ್ಲಿ ಭಾರ ಅಷ್ಟೇ.

ಇಂಟೆಲ್ಲಾ, ಎಎಂಡಿಯಾ?

ಎರಡೂ ಓಡುತ್ತವೆ. ಇಂಟೆಲ್ ಹಳೇ ಡಬ್ಬಗಳು ಹೆಚ್ಚು ಸಿಗುವುದರಿಂದ ಅನುಭವ ಅದರದ್ದೇ ಹೆಚ್ಚು. ಯಾವುದೇ ಆದರೂ ನಿನ್ನೆ ಮೊನ್ನೆ ಬಂದ ಬೋರ್ಡ್ ಬೇಡ, ಅದರ ಲ್ಯಾನ್ ಚಿಪ್ ಡೆಬಿಯನ್ ಕರ್ನಲ್ಲಿಗೆ ಗುರುತೇ ಇಲ್ಲದಿರಬಹುದು. ನಾಲ್ಕು ಕೋರ್ ಇರಲಿ.

ಲೇಟೆನ್ಸಿ 80 ಬರುತ್ತಿದೆ. ಕಂಪ್ಯೂಟರ್ ವಾಪಸ್ ಕೊಡಲಾ?

ಮೊದಲು ಬಯಾಸಿಗೆ ಹೋಗಿ. ಸ್ಪೀಡ್‌ಸ್ಟೆಪ್, ಸಿ-ಸ್ಟೇಟುಗಳು, ಸಿ1ಇ, ಟರ್ಬೊ ಬೂಸ್ಟ್, ಹೈಪರ್‌ಥ್ರೆಡಿಂಗ್ ಎಲ್ಲವನ್ನೂ ಆಫ್ ಮಾಡಿ. ಬಳಸದ ಸೌಂಡು, ಸೀರಿಯಲ್ ಪೋರ್ಟನ್ನೂ ಆಫ್ ಮಾಡಿ. ಒಂದೊಂದೇ ಬದಲಿಸಿ, ಪ್ರತಿ ಸಲ ಅಳೆದು ಪುಸ್ತಕದಲ್ಲಿ ಬರೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಆರು ತಿಂಗಳ ಮೇಲೆ ಬಯಾಸ್ ಬ್ಯಾಟರಿ ಸತ್ತಾಗ ಮತ್ತೆ ಮೊದಲಿನಿಂದ ಶುರು.

ಆಮೇಲೆ ಕರ್ನಲ್ಲಿಗೆ ಬೂಟ್ ಹೊತ್ತಿನಲ್ಲಿ ಐಸೋಲ್‌ಸಿಪಿಯುಸ್ ಅನ್ನುವ ಸೂಚನೆ ಕೊಟ್ಟು ಕೊನೆಯ ಒಂದು ಕೋರನ್ನು ಮಷೀನಿಗೇ ಮೀಸಲಿಡಿ. ಬ್ರೌಸರು, ಫೈಲ್ ಕಾಪಿ ಎಲ್ಲ ಉಳಿದ ಕೋರುಗಳಲ್ಲಿ ಒದ್ದಾಡಿಕೊಳ್ಳಲಿ.

ಕರ್ನಲ್ ಯಾವುದು ಅನ್ನುವುದೂ ಮುಖ್ಯ. 2.9 ಆವೃತ್ತಿಯ ಇಮೇಜ್ ಡೆಬಿಯನ್ ಮೇಲೆ, ಹೊತ್ತಿಗೆ ಸರಿಯಾಗಿ ಓಡುವಂತೆ ತಿದ್ದಿದ ಪ್ರೀಎಂಪ್ಟ್-ಆರ್‌ಟಿ ಕರ್ನಲ್ ಜೊತೆ ಬರುತ್ತದೆ. ಮೇಸಾ ಈಥರ್ನೆಟ್ ಕಾರ್ಡಿಗೆ ಅದೇ ಬೇಕು. ಪ್ಯಾರಲಲ್ ಪೋರ್ಟಿನವರು ಅದೇ ಕೆಲಸದ ಇನ್ನೊಂದು ಬಗೆಯಾದ ಆರ್‌ಟಿಎಐ ಕರ್ನಲ್ ಹಾಕಿದರೆ ಅದೇ ಡಬ್ಬದಲ್ಲಿ ಇನ್ನೂ ಕಡಿಮೆ ಸಂಖ್ಯೆ ಕಾಣಬಹುದು. ಇಷ್ಟೆಲ್ಲ ಮಾಡಿಯೂ 80 ಅಂದರೆ ವಾಪಸ್ ಬೇಡ, ಮೇಸಾ ಹಾಕಿ.

ಕೆಲಸದ ನಡುವೆ "ಅನ್‌ಎಕ್ಸ್‌ಪೆಕ್ಟೆಡ್ ರಿಯಲ್‌ಟೈಮ್ ಡಿಲೇ" ಅಂತ ಒಂದೇ ಸಲ ಬಂತು. ಬಿಡಬಹುದಾ?

ಒಂದೇ ಸಲ ಬಂದದ್ದಲ್ಲ, ಒಂದೇ ಸಲ ತೋರಿಸಿದ್ದು. ತಂತ್ರಾಂಶ ತೆರೆದಾಗಿನಿಂದ ಮುಚ್ಚುವವರೆಗೆ ಆ ಸಂದೇಶ ಒಮ್ಮೆ ಮಾತ್ರ ಬರುವಂತೆ ಬರೆದಿದ್ದಾರೆ. ಆಮೇಲೆ ಎಷ್ಟು ಸಲ ತಡವಾಗಿದೆಯೋ. ಮತ್ತೆ ಲೇಟೆನ್ಸಿ ಅಳೆಯಿರಿ.

ಸ್ಪಿಂಡಲ್ ಆನ್ ಮಾಡಿದ ಕೂಡಲೇ ಮೌಸ್ ಸತ್ತುಹೋಗುತ್ತದೆ. ಕಂಪ್ಯೂಟರ್ ಕೆಟ್ಟಿದೆಯಾ?

ಕೆಟ್ಟಿರುವುದು ಅರ್ಥಿಂಗ್. ಸ್ಪಿಂಡಲ್ಲಿನ ವೇಗ ಏರಿಸಿ ಇಳಿಸುವ ವಿಎಫ್‌ಡಿಯಿಂದ ಬರುವ ವಿದ್ಯುತ್ ಗದ್ದಲ ಯುಎಸ್‌ಬಿಯನ್ನು ಬೀಳಿಸುತ್ತದೆ. ಸ್ಪಿಂಡಲ್ಲಿಗೆ ಶೀಲ್ಡ್ ಕೇಬಲ್ ಹಾಕಿ, ವಿಎಫ್‌ಡಿ, ಕಂಪ್ಯೂಟರ್, ಮಷೀನಿನ ಮೈ ಎಲ್ಲದರ ಅರ್ಥನ್ನು ಒಂದೇ ತಾಮ್ರದ ಪಟ್ಟಿಗೆ ತನ್ನಿ. ಪಿಎಸ್2 ಕೀಬೋರ್ಡ್ ಪೋರ್ಟ್ ಇರುವ ಹಳೇ ಬೋರ್ಡುಗಳನ್ನು ನಾನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಪ್ಯಾರಲಲ್ ಪೋರ್ಟಿಗೆ ಆಪ್ಟೊ (ಕಂಪ್ಯೂಟರಿನ ವಿದ್ಯುತ್ತನ್ನೂ ಮಷೀನಿನ ವಿದ್ಯುತ್ತನ್ನೂ ಬೇರೆಯಾಗಿಡುವ ಚಿಪ್) ಇರುವ ಬ್ರೇಕ್‌ಔಟ್ ಬೋರ್ಡ್, ಅಂದರೆ ಪಿನ್ನುಗಳನ್ನು ವೈರಿಗೆ ಜೋಡಿಸುವ ಬೋರ್ಡ್, ಕಡ್ಡಾಯ. ಇನ್ನೊಂದು, ಕಂಪ್ಯೂಟರ್ ಬೂಟ್ ಆಗುವಾಗ ಆ ಪೋರ್ಟಿನ ಪಿನ್ನುಗಳು ತಮಗೆ ತೋಚಿದಂತೆ ಏರಿಳಿಯುತ್ತವೆ. ನನ್ನ ಮೊದಲ ಮಷೀನಿನಲ್ಲಿ ಕಂಪ್ಯೂಟರ್ ಬಟನ್ ಒತ್ತಿದೆ, ಕಟ್ಟರ್ ಬದಲಿಸಲೆಂದು ಅದನ್ನು ಹಿಡಿಯುವ ಕೊಲೆಟ್ ಕಡೆ ಕೈ ಚಾಚಿದೆ, ರಿಲೇ ಟಕ್ ಅಂತು, ಸ್ಪಿಂಡಲ್ ತಿರುಗಿತು. ಕೈ ಇನ್ನೂ ಗೇಣು ದೂರದಲ್ಲಿತ್ತು. ಅಂದಿನಿಂದ ಕಂಪ್ಯೂಟರ್ ಪೂರ್ತಿ ಏಳುವವರೆಗೆ ಡ್ರೈವಿಗೂ ವಿಎಫ್‌ಡಿಗೂ ಕರೆಂಟ್ ಇಲ್ಲ. ಲಿನಕ್ಸ್‌ಸಿಎನ್‌ಸಿಯ ಮಿಡಿತ ಬರುವವರೆಗೆ ಏನನ್ನೂ ಆನ್ ಮಾಡದ ಚಾರ್ಜ್ ಪಂಪ್ ಇರುವ ಬ್ರೇಕ್‌ಔಟ್ ಬೋರ್ಡ್ ಈ ಕೆಲಸವನ್ನು ತಾನೇ ಮಾಡುತ್ತದೆ.

ಎಮರ್ಜೆನ್ಸಿ ಸ್ವಿಚ್ಚೂ ಹಾಗೇ. ಅದು ಮಷೀನಿನ ಕರೆಂಟ್ ಕಡಿಯುವ ಕಾಂಟ್ಯಾಕ್ಟರನ್ನು ನೇರವಾಗಿ ಬೀಳಿಸಬೇಕು, ಕಂಪ್ಯೂಟರಿಗೆ ಸುದ್ದಿ ಮಾತ್ರ ಹೋಗಲಿ.

ಯುಪಿಎಸ್ ಬೇಕಾ?

ಬೇಕು, ಆದರೆ ಒಂದು ಮೋಸ ಇದೆ. ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಇದ್ದರೆ, ಕರೆಂಟ್ ಹೋದಾಗ ಮೋಟರ್ ನಿಲ್ಲುತ್ತದೆ, ಪರದೆಯಲ್ಲಿ ಮಾತ್ರ ಕಟ್ಟರ್ ಓಡುತ್ತಲೇ ಇರುತ್ತದೆ. ಕರೆಂಟ್ ಬಂದಾಗ ಮಷೀನ್ ಎಲ್ಲೋ, ಲೆಕ್ಕ ಎಲ್ಲೋ. ಡ್ರೈವಿನ ಸಪ್ಲೈ ಇದೆಯೋ ಇಲ್ಲವೋ ಅಂತ ಹೇಳುವ ಒಂದು ರಿಲೇಯನ್ನು ಎಮರ್ಜೆನ್ಸಿ ಇನ್‌ಪುಟ್ಟಿನ ಜೊತೆ ಸೀರೀಸಿನಲ್ಲಿ ಹಾಕಿ.

ದೂಳು?

ಮರದ ಪುಡಿ ಫ್ಯಾನನ್ನು ಕಟ್ಟುತ್ತದೆ, ಬೀಡುಕಬ್ಬಿಣದ ಪುಡಿ ವಿದ್ಯುತ್ ಹಾಯಿಸಿ ಬೋರ್ಡನ್ನೇ ಸುಡುತ್ತದೆ. ಬೀಡು ಕತ್ತರಿಸುವವರು ಕಂಪ್ಯೂಟರನ್ನು ರಬ್ಬರ್ ಅಂಚಿನ ಪ್ಯಾನೆಲ್ಲಿನೊಳಗೆ ಇಡಿ, ಗಾಳಿ ಫಿಲ್ಟರ್ ಮೂಲಕ ಮಾತ್ರ ಒಳಗೆ ಬರಲಿ. ಫ್ಯಾನ್ ಇಲ್ಲದ ಮಿನಿ ಪಿಸಿ ಸಿಕ್ಕಿ, ಲೇಟೆನ್ಸಿ ಪಾಸಾದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಕಷ್ಟಪಟ್ಟು ಹುಡುಕಿದ ಕಂಪ್ಯೂಟರ್ ಕೆಟ್ಟರೆ?

ಅದಕ್ಕೇ ಎರಡು ತರುವುದು. ಒಂದೇ ಅಂಗಡಿ, ಒಂದೇ ಮಾಡೆಲ್, ಒಂದೇ ಬಯಾಸ್ ಆವೃತ್ತಿ. ಎರಡನ್ನೂ ಒಂದೊಂದು ರಾತ್ರಿ ಅಳೆದು, ಬಯಾಸ್ ಪುಟಗಳ ಫೋಟೊ ತೆಗೆದು ಪ್ರಿಂಟ್ ಮಾಡಿ ಪ್ಯಾನೆಲ್ ಬಾಗಿಲಿಗೆ ಒಳಗಿನಿಂದ ಅಂಟಿಸುತ್ತೇನೆ. ಸಂರಚನೆ ಎಲ್ಲ ಮುಗಿದ ದಿನ ಎಸ್‌ಎಸ್‌ಡಿಯನ್ನು ಇನ್ನೊಂದಕ್ಕೆ ಪಡಿಯಚ್ಚು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದೇ ಬಾಗಿಲಿಗೆ ಟೇಪ್ ಸುತ್ತುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬ ಗಿರಾಕಿಯ ಬೋರ್ಡ್ ಸಿಡಿಲಿಗೆ ಹೋಯಿತು. ಅವರ ಆಪರೇಟರ್ ಹುಡುಗ, ಕಂಪ್ಯೂಟರ್ ಬಿಚ್ಚಿ ಗೊತ್ತಿಲ್ಲದವನು, ಫೋನಿನಲ್ಲಿ ನಾನು ಹೇಳಿದ ಹಾಗೆ ಎರಡನೇ ಡಬ್ಬ ಇಟ್ಟು, ಬಾಗಿಲಿನಿಂದ ಎಸ್‌ಎಸ್‌ಡಿ ಕಿತ್ತು ಚುಚ್ಚಿದ. ಊಟದ ಹೊತ್ತಿಗೆ ಮಷೀನ್ ಹೋಮ್ ಆಗಿತ್ತು.